ರಸೀದಿಯ ಕೆಳಗಿನ ಅರ್ಧ

ದೆಸ್ಸೀ
ತಿಕಿಮ್ತ್ 20, 2010

ಐನಾಲೆಂಗೆ,

ಇದು ಪ್ರೀತಿಯಿಂದ ಬರೆದ ಕಾಗದವಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಎದೆಗೊತ್ತಿಕೊಂಡು ಅಳುವುದು ಬೇಡ. ಆರು ವರ್ಷವಾಗುತ್ತ ಬಂತು, ನಿನಗೆ ಒಂದಕ್ಷರ ಬರೆದಿಲ್ಲ. ಇನ್ನೂ ಅರವತ್ತು ವರ್ಷ ಬರೆಯದೆ ಇರುವ ಗಟ್ಟಿತನ ನನಗಿತ್ತು. ಆದರೆ ನಿನ್ನ ಪ್ರೊಫೆಸರ್ ಶೆನ್ ನನ್ನ ಜುಟ್ಟು ಹಿಡಿದುಕೊಂಡಿದ್ದಾರೆ.

ನಾನು ಮತ್ತೆ ಅರ್ಜಿ ಹಾಕುತ್ತಿದ್ದೇನೆ. ಅದೇ ಜಲ ಎಂಜಿನಿಯರಿಂಗ್, ಅದೇ ಚೀನಾ ಸರ್ಕಾರದ ವಿದ್ಯಾರ್ಥಿವೇತನ. ನಾಲ್ಕು ಊರಿನ ನಾಲ್ಕು ಪ್ರೊಫೆಸರುಗಳಿಗೆ ಬರೆದೆ. ಮೂವರು ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ಒಬ್ಬರೇ, ಅವರೂ ನಿನ್ನವರೇ ಆಗಬೇಕೆ? "ನಿಮ್ಮ ಹೆಸರಿನ ಕೊನೆಗಿರುವ ಅಶಾಗ್ರೆ ನನ್ನ ವಿದ್ಯಾರ್ಥಿನಿಯ ಹೆಸರಿನಲ್ಲೂ ಇದೆ. ನೀವು ಅವಳ ಅಣ್ಣನೇ? ಹಾಗಿದ್ದರೆ ನಿಮ್ಮ ಬಗ್ಗೆ ಅವಳೇ ಒಂದು ಪುಟ ಬರೆದುಕೊಡಲಿ. ಕಾಗದಪತ್ರಗಳ ಎರಡು ಪ್ರತಿಯನ್ನೂ ಅವಳೇ ನೋಡಿ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಕೊಡಲಿ" ಎಂದು ಬರೆದಿದ್ದಾರೆ. ನಾನು ನಿನ್ನ ಅಣ್ಣನಲ್ಲ ಎಂದು ಉತ್ತರ ಕೊಡಲು ಕೂತಿದ್ದೆ. ಅಮ್ಮ ಪಕ್ಕದಲ್ಲಿ ಕಾಫಿ ಹುರಿಯುತ್ತಿದ್ದರು, ಕೈ ಬರಲಿಲ್ಲ.

ನೀನು ಮರೆತಿರಬಹುದು, ನಾನು ಮರೆತಿಲ್ಲ. 2004ರ ಮೆಗಾಬಿತ್ ತಿಂಗಳು. ನಮ್ಮ ನೀರಿನ ಕಚೇರಿಯಿಂದ ಒಬ್ಬರಿಗೆ ಮಾತ್ರ ಸೀಟು, ಅರ್ಜಿ ಹಾಕಿದವರು ನಾವಿಬ್ಬರು. ಪಿಯಾಸಾ ಪೇಟೆಯ ಇಂಟರ್ನೆಟ್ ಅಂಗಡಿಯಲ್ಲಿ ಪಕ್ಕಪಕ್ಕದ ಕಂಪ್ಯೂಟರಿನಲ್ಲಿ ಕೂತಿದ್ದೆವು. ನನ್ನದೆಲ್ಲ ತುಂಬಿಯಾಗಿತ್ತು. ಅಷ್ಟರಲ್ಲಿ ಹಾಯ್ಕ್‌ನಲ್ಲಿ ಪಂಪು ಒಡೆಯಿತೆಂದು ಕಚೇರಿಯ ಜೀಪು ಬಂತು. ನಾನು ಎದ್ದು, "ಇನ್ನೇನಿಲ್ಲ, ಕೊನೆಗೆ ಆ ಗುಂಡಿ ಒತ್ತಿಬಿಡು" ಎಂದೆ. "ನೀನು ಹೋಗಣ್ಣ, ನಾನ್ ಒತ್ತೀನಿ" ಎಂದೆ ನೀನು. ನಗುತ್ತಲೇ ಹೇಳಿದ್ದೆ.

ಒತ್ತಲಿಲ್ಲ. ನನಗೆ ಹೌದು ಎಂಬ ಉತ್ತರವೂ ಬರಲಿಲ್ಲ, ಇಲ್ಲ ಎಂಬುದೂ ಬರಲಿಲ್ಲ. ಹಾಕದ ಅರ್ಜಿಗೆ ಯಾರು ಉತ್ತರ ಕೊಡುತ್ತಾರೆ? ಓದಿನಲ್ಲಿ ನಾನು ನಿನಗಿಂತ ಮುಂದಿದ್ದೆ, ಅದು ಇಡೀ ಕಚೇರಿಗೆ ಗೊತ್ತು. ಸೀಟು ನಿನಗೆ ಬಂತು. ಇದನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ಓದು ಬೇಕಾಗಿಲ್ಲ.

ಬರುವ ಹಮ್ಲೆ ಐದಕ್ಕೆ ನನಗೆ ಮೂವತ್ತೈದು ತುಂಬುತ್ತದೆ. ಅದು ದಾಟಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಇದು ನನ್ನ ಕಡೆಯ ಸಲ. ಆ ಒಂದು ಪುಟ ಬರೆದುಕೊಡು, ಹೊಗಳಬೇಡ, ಇದ್ದದ್ದು ಬರೆ ಸಾಕು. ಫೋನ್ ಮಾಡಬೇಡ, ನಿನ್ನ ನಂಬರ್ ಬಂದರೆ ನನ್ನ ಫೋನು ಬಾಯಿ ಬಿಡದ ಹಾಗೆ ಮಾಡಿಟ್ಟಿದ್ದೇನೆ. ಗ್ವಾಂಗ್‌ಝೌಗೆ ಚಪ್ಪಲಿ ತರಲು ಹೋಗುವ ನಮ್ಮ ಬೀದಿಯ ವುಬಿತ್ ಈ ಕಾಗದವನ್ನು ಅಲ್ಲಿಂದ ನಿನಗೆ ರವಾನಿಸುತ್ತಾಳೆ. ಉತ್ತರವನ್ನೂ ಅವಳ ಕೈಗೇ ಕಳಿಸು.

ಕಸ್ಸಾಹುನ್ ಅಶಾಗ್ರೆ


ನಾನ್‌ಜಿಂಗ್
ನವೆಂಬರ್ 14, 2017

ಮಾನ್ಯ ಕಸ್ಸಾಹುನ್ ಅಶಾಗ್ರೆ ಅವರಿಗೆ,

ತಮ್ಮ ಕಾಗದ ತಲುಪಿತು. ಬೈಗುಳವನ್ನು ತೆಗೆದರೆ ಒಳಗೆ ನಾಲ್ಕು ಸಾಲು ಉಳಿಯಿತು. ಆ ಬೈಗುಳವೂ ಹೊಸದಲ್ಲ. ತಾವು ಕಚೇರಿಯ ಒಬ್ಬೊಬ್ಬರ ಮೇಜಿಗೂ ಹೋಗಿ ನನ್ನನ್ನು ಕಳ್ಳಿ ಎಂದು ಸಾರಿದ್ದು ಸಮುದ್ರ ದಾಟಿ ಇಲ್ಲಿಗೂ ಬಂದಿತ್ತು. ದೆಸ್ಸೀಯಿಂದ ಇಲ್ಲಿಗೆ ಓದಲು ಬಂದ ಹುಡುಗನೊಬ್ಬ ಕೈ ಕುಲುಕುವ ಮೊದಲೇ, "ಅಣ್ಣನ ಅರ್ಜಿ ಮುಚ್ಚಿಟ್ಟ ಅಕ್ಕ ನೀವೇನಾ?" ಎಂದು ಕೇಳಿದ. ಎಲ್ಲರ ಎದುರು ಕೇಳಿದ.

ನಾನು ಒತ್ತಿದೆ. ಅಮ್ಮನ ಮೇಲೆ ಆಣೆ ಇಟ್ಟು ಹೇಳುತ್ತೇನೆ, ಒತ್ತಿದೆ. ಇದನ್ನು ಇನ್ನೊಮ್ಮೆ ಹೇಳುವುದಿಲ್ಲ.

ನಾನು ಹೊರಟ ದಿನ ರಾಜಧಾನಿ ಅದ್ದಿಸ್‌ನ ವಿಮಾನ ನಿಲ್ದಾಣಕ್ಕೆ ಮನೆಮಂದಿಯೆಲ್ಲ ಒಂದು ವ್ಯಾನು ಮಾಡಿಕೊಂಡು ಬಂದಿದ್ದರು. ಕಿವಿ ಕೇಳದ ಸೋದರತ್ತೆಯೂ ಬಂದಿದ್ದರು. ತಾವೊಬ್ಬರು ಬರಲಿಲ್ಲ. ಒಳಗಿನ ಬಾಗಿಲು ದಾಟುವವರೆಗೂ ಹಿಂದೆ ತಿರುಗಿ ನೋಡಿದ್ದೇನೆ. ಅದನ್ನು ನಾನೂ ಮರೆತಿಲ್ಲ.

ಆ ಒಂದು ಪುಟ ಬರೆದು ಪ್ರೊಫೆಸರಿಗೆ ಕೊಟ್ಟಾಯಿತು. ಹೊಗಳಿಲ್ಲ. ಕೆಲಸ ಬಲ್ಲವರು, ಮೂಗಿನ ತುದಿಯಲ್ಲಿ ಕೋಪ ಎಂದು ಬರೆದಿದ್ದೇನೆ. ಉಳಿದ ಕಾಗದಪತ್ರ ನನ್ನ ಕೈಗೆ ಬೇಡ. ತಾವೇ ನೇರವಾಗಿ ಕಚೇರಿಗೆ ಕಳಿಸಿ. ಆರೋಗ್ಯ ತಪಾಸಣೆಯ ಹಾಳೆಯಲ್ಲಿ ಆಸ್ಪತ್ರೆಯ ಮೊಹರು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿರಬೇಕು, ಇಲ್ಲದಿದ್ದರೆ ಇಲ್ಲಿ ಮೂಸಿಯೂ ನೋಡುವುದಿಲ್ಲ. ಓದಿನ ಯೋಜನೆಯಲ್ಲಿ ದಯವಿಟ್ಟು "ತಾಯ್ನಾಡಿನ ಸೇವೆ" ಎಂದು ಬರೆಯಬೇಡಿ. ಆ ಮಾತು ಬರೆದ ಅರ್ಜಿಗಳು ಇಲ್ಲಿ ಗೋಡೆ ಎತ್ತರಕ್ಕೆ ಬಿದ್ದಿವೆ. ಹಾಯ್ಕ್‌ನ ಬಾವಿಗಳ ನೀರು ಯಾಕೆ ಉಪ್ಪಾಗುತ್ತಿದೆ, ಎಷ್ಟು ಅಡಿಯಲ್ಲಿ ಉಪ್ಪು ಶುರುವಾಗುತ್ತದೆ, ಅದನ್ನು ಬರೆಯಿರಿ. ಅದು ತಮಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ.

ಐನಾಲೆಂ


ದೆಸ್ಸೀ
ಹಿದಾರ್ 21, 2010

ಐನಾಲೆಂಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಮ್ಮನ ಮೇಲೆ ಆಣೆ ಇಡುವಷ್ಟು ಅವಸರ ನಿನಗೆ ಯಾಕೆ ಬಂತು? "ತಾವು", "ಮಾನ್ಯ" ಎಂದೆಲ್ಲ ಚುಚ್ಚಿ ಬರೆದಿದ್ದೀಯಲ್ಲ, ಅದು ನನಗೆ ತಾಗುವುದಿಲ್ಲ. ನಿನಗೆ ಮೂಗು ಒರೆಸಿದ ಕೈ ಇದು.

ಕಾಗದದ ತಲೆಯ ಮೇಲೆ 2017 ಎಂದು ಹಾಕಿದ್ದೀಯ. ನಮ್ಮ ತಾರೀಕು ಬರೆಯಲೂ ನಾಚಿಕೆಯೇನು? ನಮ್ಮಲ್ಲಿ ಇನ್ನೂ 2010 ಕಣೇ. ಏಳೆಂಟು ವರ್ಷ ಹಿಂದಿರುವ ಜನ ನಾವು, ನೀನು ಮುಂದೆ ಹೋದವಳು! ಅಮ್ಮನಿಗೆ ಓದಿ ಹೇಳುವಾಗ ನಾನು ನವೆಂಬರ್ ಎಂದೆ. "ಅದ್ಯಾವ ತಿಂಗಳಪ್ಪ, ಹುಡುಗಿಗೆ ಹುಷಾರಿದೆ ತಾನೆ?" ಎಂದು ಕೇಳಿದರು. ಉಳಿದದ್ದನ್ನು ನಾನು ಓದಲಿಲ್ಲ.

ಕಾಗದಪತ್ರ ನನ್ನ ಕೈಗೆ ಬೇಡ ಎಂದರೆ ಏನರ್ಥ? ನೀನೇ ನೋಡಿ ಕೊಡಬೇಕು ಎಂದವರು ನಿನ್ನ ಪ್ರೊಫೆಸರು, ನಾನಲ್ಲ. ಸಲ ಸಲಕ್ಕೂ ನನ್ನ ದಾರಿಗೆ ಅಡ್ಡ ಮಲಗಬೇಕೆಂದು ಹರಕೆ ಹೊತ್ತಿದ್ದೀಯಾ? ಇಗೋ, ಎಲ್ಲವನ್ನೂ ಕಳಿಸಿದ್ದೇನೆ. ಪದವಿಯ ಪ್ರಮಾಣಪತ್ರ, ಅಂಕಪಟ್ಟಿ, ಪೊಲೀಸರ ಕಾಗದ, ಆರೋಗ್ಯದ ಹಾಳೆ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟಿನ ನಕಲು. ಎರಡೆರಡು ಪ್ರತಿ. ಜನನ ಪ್ರಮಾಣಪತ್ರವನ್ನು ಪಿಯಾಸಾದ ಭಾಷಾಂತರದವನ ಹತ್ತಿರ ಇಂಗ್ಲಿಷಿಗೆ ಮಾಡಿಸಿದೆ. ಅದನ್ನು ನೋಡಿಯೇ ಪಾಸ್‌ಪೋರ್ಟು ಕೊಟ್ಟರು. ಹೋದ ಸಲ ನನ್ನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ, ಈ ಸಲ ಏನೂ ಕೊರತೆಯಿಲ್ಲ.

ಹೇಗಿದೆಯೋ ಹಾಗೇ ಕೊಡು. ನಿನ್ನ ಬುದ್ಧಿಯನ್ನು ಒಂದಕ್ಷರಕ್ಕೂ ಸೋಕಿಸಬೇಡ.

ಕಾಗದದ ಜೊತೆ ಬೆರ್ಬೆರೆ ಖಾರದಪುಡಿಯ ಪೊಟ್ಟಣವಿದೆ. ಅದು ಅಮ್ಮ ಕುಟ್ಟಿದ್ದು. ನಾನು ಕಳಿಸಿದೆ ಅಂದುಕೊಳ್ಳಬೇಡ.

ಉಪ್ಪು ನೀರಿನ ಬಗ್ಗೆ ಹನ್ನೊಂದು ಪುಟ ಬರೆದೆ. ಅದೊಂದು ಮಾತು ಸರಿಯಾಗಿ ಹೇಳಿದೆ.

ಕಸ್ಸಾಹುನ್


ನಾನ್‌ಜಿಂಗ್
ಡಿಸೆಂಬರ್ 27, 2017

ಕಸ್ಸಾಹುನ್ ಅಣ್ಣನಿಗೆ,

"ಮಾನ್ಯ" ಬಿಟ್ಟಿದ್ದೇನೆ. ಅದನ್ನು ಹಿಡಿದುಕೊಂಡಿರಲು ನನಗೂ ಕಷ್ಟವಾಗುತ್ತಿತ್ತು. ಬಿಟ್ಟದ್ದಕ್ಕೆ ಸೋತಳು ಎಂದು ಕುಣಿಯಬೇಡ.

ಇದರೊಳಗೊಂದು ರಸೀದಿಯಿದೆ, ನೋಡು. ಆ ದಿನ ನಿನಗೆ ಮಿಂಚಂಚೆ ಇರಲಿಲ್ಲ, ಅರ್ಜಿಯಲ್ಲಿ ನನ್ನ ವಿಳಾಸವನ್ನೇ ಹಾಕಿದ್ದೆವು, ನೆನಪಿದೆಯೇ? ಅರ್ಜಿ ತಲುಪಿದೆ ಎಂದು ಅವರು ನನ್ನ ವಿಳಾಸಕ್ಕೇ ಬರೆದಿದ್ದರು. ಅದನ್ನು ಹುಡುಕಿ ಅಚ್ಚು ಹಾಕಿಸಿದ್ದೇನೆ. ಮೇಲೆ ನಿನ್ನ ಹೆಸರು, ಪಕ್ಕದಲ್ಲಿ ಅರ್ಜಿಯ ಸಂಖ್ಯೆ. ಒತ್ತಿದ ದಿನ, ಒತ್ತಿದ ಗಂಟೆ, ಎಲ್ಲ ಇದೆ. ನೀನು ಹಾಯ್ಕ್‌ಗೆ ಹೊರಟು ನಲವತ್ತು ನಿಮಿಷಕ್ಕೆ ಒತ್ತಿದ್ದೇನೆ. ಈಗ ಕಚೇರಿಯಲ್ಲಿ ಒಂದೊಂದೇ ಮೇಜಿಗೆ ಇದನ್ನು ಹಿಡಿದುಕೊಂಡು ಹೋಗು. ಆರು ವರ್ಷ ನನ್ನನ್ನು ಕಳ್ಳಿ ಎಂದೆಯಲ್ಲ, ಆ ಬಾಯಿಂದ ಈಗ ಏನು ಹೇಳುತ್ತೀಯೋ ಹೇಳು. ನಿನ್ನ ತಂಗಿಯ ಹೆಸರು ಕೆಡಿಸಲು ಊರಿನವರು ಯಾರೂ ಬೇಕಾಗಲಿಲ್ಲ, ನೀನೊಬ್ಬನೇ ಸಾಕಾದೆ.

ಕಾಗದಪತ್ರ ನೋಡಿದೆ. ಆರೋಗ್ಯದ ಹಾಳೆಯಲ್ಲಿ ಮೊಹರು ಫೋಟೋದ ಮೇಲೆ ಬಿದ್ದಿಲ್ಲ, ಮತ್ತೆ ಮಾಡಿಸು. ಉಳಿದದ್ದೆಲ್ಲ ಸರಿಯಿದೆ. ಮಾರ್ಚ್ 31 ಕಡೆಯ ದಿನ. ನಿಮ್ಮ ಮೆಗಾಬಿತ್ 22. ಆನ್‌ಲೈನ್ ಅರ್ಜಿಯನ್ನು ನೀನೇ ತುಂಬು, ಅದನ್ನು ಮಾತ್ರ ನನಗೆ ಹೇಳಬೇಡ.

ಬೆರ್ಬೆರೆ ಚೆನ್ನಾಗಿದೆ ಎಂದು ಅಮ್ಮನಿಗೆ ಹೇಳು.

ಐನಾಲೆಂ


ದೆಸ್ಸೀ
ತಿರ್ 15, 2010

ಐನಾಲೆಂ,

ತಿಮ್ಕತ್ ಹಬ್ಬ ಮುಗಿದು ನಾಲ್ಕು ದಿನವಾಯಿತು. ನಿನ್ನ ಕಾಗದ ಹಬ್ಬದ ಮುಂಚೆಯೇ ಬಂದಿತ್ತು. ಉತ್ತರ ಬರೆಯಲು ಕೂತು ಮೂರು ಹಾಳೆ ಹರಿದೆ.

ರಸೀದಿ ನೋಡಿದೆ. ಮೊದಲು ನಂಬಲಿಲ್ಲ. ಇದನ್ನೂ ಇವಳೇ ಮಾಡಿಕೊಂಡಿರಬೇಕು ಎಂದು ವುಬಿತ್‌ಳ ಮಗಳಿಗೆ ತೋರಿಸಿದೆ, ಅವಳಿಗೆ ಕಂಪ್ಯೂಟರು ಗೊತ್ತು. "ಮಾಮ, ಇದು ನಿಜವಾದದ್ದೇ. ನೀವ್ಯಾಕೆ ಹೀಗಾಡ್ತೀರಿ?" ಎಂದಳು. ರಸೀದಿಯ ಕೆಳಗಿನ ಅರ್ಧವನ್ನು ಕತ್ತರಿಸಿದ್ದೀಯ. ವುಬಿತ್‌ಳ ಮೂಟೆ ಭಾರವಾಗುತ್ತದೆ ಅಂತಲೇ? ಇಷ್ಟಾದರೂ ನಗಿಸಿದೆ.

ನೀನು ಒತ್ತಿದ್ದೆ. ನಾನು ಆರು ವರ್ಷ ಸುಳ್ಳು ಹೇಳಿಕೊಂಡು ಬಂದೆ. ಕ್ಷಮಿಸು ಎಂದು ಬರೆಯುವುದು ನನ್ನ ಕೈಗೆ ಹೊಸದು, ಅದಕ್ಕೇ ಅಕ್ಷರ ಸೊಟ್ಟಗಿದೆ.

ಗೋಡೆಯ ಮೇಲಿದ್ದ ನಿನ್ನ ಫೋಟೋವನ್ನು ತೆಗೆಸಿದವನು ನಾನು. ಅಮ್ಮ ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದರು. ನಿನ್ನೆ ನಾನೇ ಮೊಳೆ ಹೊಡೆದೆ.

ಇನ್ನೊಂದು ಮಾತಿದೆ, ಇದನ್ನು ಬೇರೆ ಯಾರಿಗೂ ಹೇಳಲಾರೆ. ನೀನು ಒತ್ತಲಿಲ್ಲ ಎಂದು ನಂಬಿದ್ದಾಗ ನನಗೊಂದು ಸಮಾಧಾನವಿತ್ತು. ನನ್ನ ಅರ್ಜಿ ಹೋಗಲೇ ಇಲ್ಲ, ಹೋಗಿದ್ದರೆ ನಾನೇ ಗೆಲ್ಲುತ್ತಿದ್ದೆ ಎಂದು. ಈಗ ಅದೂ ಇಲ್ಲ. ಅರ್ಜಿ ಹೋಗಿತ್ತು, ಅವರು ನೋಡಿದರು, ಒಂದು ಸಾಲಿನ ಉತ್ತರಕ್ಕೂ ಇವನು ಲಾಯಕ್ಕಿಲ್ಲ ಅಂದುಕೊಂಡರು. ನನಗೆ ಇದ್ದದ್ದೇ ಅಷ್ಟು. ನನ್ನ ಕೊರತೆಯನ್ನು ನಿನ್ನ ತಲೆಗೆ ಕಟ್ಟಿ ತಿರುಗಿದೆ. ಈ ಸಲವೂ ದೊಡ್ಡ ಆಸೆಯಿಲ್ಲ. ಆದರೂ ಮಾಡುತ್ತೇನೆ.

ಮೊಹರು ಮತ್ತೆ ಹಾಕಿಸಿದೆ, ಎರಡು ಪ್ರತಿಯೂ ಇದರೊಳಗಿದೆ. ಫೋಟೋದಲ್ಲಿ ನನ್ನ ಅರ್ಧ ಮುಖ ನೀಲಿ.

ನಿನ್ನ ಅಣ್ಣ,
ಕಸ್ಸಾಹುನ್


ದೆಸ್ಸೀ
ಯೆಕಾತಿತ್ 1, 2010

ತಂಗೀ,

ಉತ್ತರವಿಲ್ಲ. ಕೋಪವಿದ್ದರೆ ಇರಲಿ, ನಿನಗದು ಸಲ್ಲುತ್ತದೆ.

ನೀನು ಹೇಳಿದಂತೆ ಮಾಡಿದೆ. ರಸೀದಿ ಹಿಡಿದುಕೊಂಡು ಕಚೇರಿಯಲ್ಲಿ ಹದಿನಾಲ್ಕು ಮೇಜಿಗೂ ಹೋದೆ. ಕೊರೆಯುವ ಯಂತ್ರದವರನ್ನೂ ಬಿಡಲಿಲ್ಲ. "ನನ್ನ ತಂಗಿ ಕಳ್ಳಿಯಲ್ಲ. ನನ್ನ ನಾಲಿಗೆಗೆ ಹುಳ ಬೀಳಲಿ" ಎಂದು ನಿಂತು ಹೇಳಿದೆ. ಹಳೇ ಉಗ್ರಾಣದ ಮುದುಕ, "ಆರು ವರ್ಷ ನಮ್ಮ ತಲೆ ತಿಂದೆಯಲ್ಲೋ, ಈಗ ಯಾರಿಗೆ ಕಾಫಿ ಕುಡಿಸ್ತೀಯ?" ಎಂದ. ಹದಿನಾಲ್ಕು ಜನಕ್ಕೂ ಕುಡಿಸಿದೆ. ಉಗುಳಿದ್ದನ್ನು ನುಂಗುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ ಅಂದು ಉಗುಳುತ್ತಲೇ ಇರಲಿಲ್ಲ.

ಅರ್ಜಿ ತುಂಬಲು ಇನ್ನೂ ಏಳು ವಾರವಿದೆ. ಅವಸರವಿಲ್ಲ. ನೀನೊಂದು ಸಾಲು ಬರೆ.

ಅಣ್ಣ


ನಾನ್‌ಜಿಂಗ್
ಫೆಬ್ರವರಿ 17, 2018

ಅಣ್ಣಾ,

ಹದಿನಾಲ್ಕು ಮೇಜಿಗೂ ಯಾಕೆ ಹೋದೆ? ಕೋಪದಲ್ಲಿ ಬರೆದ ಮಾತನ್ನು ಹಿಡಿದುಕೊಂಡು ಯಾರಾದರೂ ಹಾಗೆ ಹೋಗುತ್ತಾರೆಯೇ? ನೀನು ಬೈಯುತ್ತಿದ್ದಾಗ ನಾನು ಎದುರಿಗೆ ನಿಂತು ಜಗಳವಾಡಬಲ್ಲವಳಾಗಿದ್ದೆ. ಆ ಮೊಳೆ ಹೊಡೆದೆಯಲ್ಲ, ಅದನ್ನು ತಡೆಯಲು ನನ್ನ ಕೈಯಲ್ಲಿ ಆಗುತ್ತಿಲ್ಲ.

ಇಲ್ಲಿ ಚೀನೀಯರ ಹೊಸವರ್ಷದ ರಜೆ. ಹಾಸ್ಟೆಲಿನಲ್ಲಿ ವಿದೇಶಿಯರು ಬಿಟ್ಟರೆ ಯಾರಿಲ್ಲ. ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ, ನಿನ್ನ ಫೋನು ಇನ್ನೂ ನನಗೆ ಬಾಯಿ ಬಿಡುವುದಿಲ್ಲ. ವುಬಿತ್‌ಗೆ ಮಾಡಿ, ಜನನ ಪ್ರಮಾಣಪತ್ರದಲ್ಲೂ ಪಾಸ್‌ಪೋರ್ಟಿನಲ್ಲೂ ಹುಟ್ಟಿದ ತಾರೀಕು ತಪ್ಪಾಗಿದೆ, ಇವತ್ತೇ ಅದ್ದಿಸ್‌ಗೆ ಹೊರಟು ಸರಿ ಮಾಡಿಸಿಕೊಳ್ಳಲಿ ಎಂದು ಹೇಳಿದ್ದೇನೆ. ಯಾಕೆಂದು ಅವಳಿಗೆ ಹೇಳಲಿಲ್ಲ. ಅದು ಈ ಕಾಗದದಲ್ಲಿದೆ.

ನೀನು ಹುಟ್ಟಿದ್ದು ನಮ್ಮ ಲೆಕ್ಕದ ಹಮ್ಲೆ ಐದು, 1975. ಜಗತ್ತಿನ ಲೆಕ್ಕದಲ್ಲಿ ಅದು 1983, ಜುಲೈ 12. ಭಾಷಾಂತರದವನು ಹಮ್ಲೆಯನ್ನು ಜುಲೈ ಮಾಡಿದ, ಐದನ್ನೂ 1975ನ್ನೂ ಹಾಗೇ ಬಿಟ್ಟ. ಈಗ ಪಾಸ್‌ಪೋರ್ಟಿನ ಪ್ರಕಾರ ನೀನು ಎಂಟು ವರ್ಷ ಮೊದಲೇ ಹುಟ್ಟಿದವನು. ಇಲ್ಲಿಯ ಕಂಪ್ಯೂಟರು ನಿನಗೆ ನಲವತ್ತೆರಡು ಎನ್ನುತ್ತದೆ. ಮೂವತ್ತೈದು ದಾಟಿದವರನ್ನು ಅದೇ ತಳ್ಳಿಹಾಕುತ್ತದೆ, ಮನುಷ್ಯರ ಕಣ್ಣಿಗೆ ಅರ್ಜಿ ಬೀಳುವುದೇ ಇಲ್ಲ. ಹುಟ್ಟಿದಾಗಿನಿಂದ ಅದೇ ಅಂಕಿ ನೋಡಿದವನು ನೀನು, ನಿನ್ನ ಕಣ್ಣಿಗೆ ಅದು ತಪ್ಪಾಗಿ ಕಾಣುವುದಿಲ್ಲ. ಕಾಗದ ಕೈಗೆ ಬಂದ ದಿನವೇ ನನಗೆ ಕಂಡಿತು. "ಉಳಿದದ್ದೆಲ್ಲ ಸರಿಯಿದೆ" ಎಂದು ಬರೆದೆ. ಸುಳ್ಳು ಬರೆದೆ.

ಯಾಕೆಂದರೆ ಇದನ್ನು ಹೇಳಿದರೆ ಅದನ್ನೂ ಹೇಳಬೇಕಾಗುತ್ತಿತ್ತು.

ಆ ದಿನ ನೀನು ಜೀಪು ಹತ್ತಿ ಹೋದ ಮೇಲೆ ಅಂಗಡಿಯವನು ನನ್ನ ಅರ್ಜಿ ನೋಡಿದ. "ಏನಮ್ಮ, ನಮ್ಮ ವರ್ಷ ಹಾಕಿದ್ದೀಯಲ್ಲ. ಅವರ ವರ್ಷ ಹಾಕು, ಇಲ್ಲಾಂದ್ರೆ ಮುದುಕಿ ಅಂತ ಬಿಸಾಕ್ತಾರೆ" ಎಂದು ನಕ್ಕ. ನಾನು ನನ್ನದನ್ನು ತಿದ್ದಿದೆ. ಆಮೇಲೆ ನಿನ್ನ ಕಂಪ್ಯೂಟರಿನ ಮುಂದೆ ಕೂತೆ. ನೀನು ಬರೆದದ್ದು ಕಣ್ಣೆದುರಿಗಿತ್ತು, 1975. ನಾಲ್ಕು ಅಂಕಿಯಲ್ಲಿ ಎರಡನ್ನು ತಿದ್ದಿದರೆ ಆಗುತ್ತಿತ್ತು. ಸೀಟು ಒಂದೇ ಇತ್ತು. ನಿನ್ನ ಅಂಕಗಳು ನನಗೆ ಗೊತ್ತಿದ್ದವು. ಹುಟ್ಟಿದಂದಿನಿಂದ ನಿನ್ನ ಹಳೇ ಪುಸ್ತಕ ಓದಿ, ನಿನ್ನ ಹಳೇ ಮೇಷ್ಟರ ಹತ್ತಿರ "ಕಸ್ಸಾಹುನ್ ತಂಗಿಯಾಗಿ ಇಷ್ಟೇನಾ" ಎನ್ನಿಸಿಕೊಂಡು ಬೆಳೆದವಳು ನಾನು. ನಲವತ್ತು ನಿಮಿಷ ಕೂತಿದ್ದೆ, ಅಣ್ಣ. ಕೈ ಜಾರಿತು ಎಂದು ಹೇಳಲಾರೆ. ನೋಡಿಯೇ ಒತ್ತಿದೆ.

ರಸೀದಿಯ ಕೆಳಗಿನ ಅರ್ಧ ಇದರೊಳಗಿದೆ. ಅದರಲ್ಲಿ ಇರುವುದು ಒಂದೇ ಸಾಲು: ವಯಸ್ಸಿನ ಮಿತಿ ಮೀರಿದ್ದರಿಂದ ಅರ್ಜಿಯನ್ನು ಪರಿಶೀಲಿಸಿಲ್ಲ. ನಿನ್ನ ಅಂಕಪಟ್ಟಿಯನ್ನು ಯಾರೂ ತೆರೆದೇ ಇಲ್ಲ. ನೀನು ಲಾಯಕ್ಕಿಲ್ಲ ಎಂದು ಯಾರೂ ಅಂದುಕೊಳ್ಳಲಿಲ್ಲ.

ನಾನು ಒತ್ತಲಿಲ್ಲ ಎಂದು ನೀನು ಬೈದಾಗಲೆಲ್ಲ ನನಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಸುಳ್ಳು ಆರೋಪವಲ್ಲವೇ, ಅದರ ಹಿಂದೆ ಅಡಗಿಕೊಳ್ಳುವುದು ಸುಲಭವಿತ್ತು. ಈಗ ಸರಿಯಾದ ಕಾರಣಕ್ಕೆ ಬೈಯಿ.

ಐನಾಲೆಂ


ದೆಸ್ಸೀ
ಮೆಗಾಬಿತ್ 18, 2010

ಐನಾಲೆಂಗೆ,

ಈ ಕಾಗದವನ್ನು ವುಬಿತ್‌ಳ ಮಗಳು ಫೋಟೋ ತೆಗೆದು ನಿನ್ನ ಫೋನಿಗೆ ಹಾಕುತ್ತಾಳೆ. ಚಪ್ಪಲಿ ಮೂಟೆಯ ಜೊತೆ ತಿರುಗಾಡಲು ಇದಕ್ಕೆ ದಿನವಿಲ್ಲ.

ನಾನು ಎಂಥ ಕತ್ತೆ ಎಂಬುದು ನಿನಗೆ ತಿಳಿಯಲಿ. ನಿನ್ನ ಕಾಗದಕ್ಕೆ ಮೊದಲು ವುಬಿತ್ ಬಂದಳು. ತಾರೀಕು ತಪ್ಪಾಗಿದೆಯಂತೆ, ನಿನ್ನ ತಂಗಿ ಅಳುತ್ತಿದ್ದಳು ಎಂದಳು. ನಾನು ಬಸ್ಸು ಹತ್ತುವಾಗ ಅವಳಿಗೆ ಹೇಳಿದೆ: "ನೋಡಿದೆಯಾ ನಮ್ಮ ಹುಡುಗಿ ಕಣ್ಣು ಎಷ್ಟು ಚುರುಕು! ಅಣ್ಣನಿಗೋಸ್ಕರ ಹೇಗೆ ಅಳ್ತಾಳೆ!" ಅದ್ದಿಸ್‌ನಲ್ಲಿ ಒಂಬತ್ತು ದಿನ ಸರತಿಯಲ್ಲಿ ನಿಂತೆ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಹುರಿದ ಬಾರ್ಲಿ ತಿಂದುಕೊಂಡು ನಿನಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡೆ. ಒಂಬತ್ತು ದಿನ ಬೇಡಿಕೊಂಡಿದ್ದೇನೆ, ಅದನ್ನು ವಾಪಸು ಕೊಡು. ಪಾಸ್‌ಪೋರ್ಟು ತಿದ್ದುವ ಅರ್ಜಿ ಕೊಟ್ಟು ಮನೆಗೆ ಬಂದರೆ ಮೇಜಿನ ಮೇಲೆ ನಿನ್ನ ಕಾಗದ.

ನನ್ನ ತಪ್ಪಿದೆ. 1975 ಎಂದು ಬರೆದವನು ನಾನೇ, ಎಂಜಿನಿಯರ್ ಅಂತ ಬೇರೆ ಹೇಳಿಕೊಳ್ಳುತ್ತೇನೆ. ಆದರೆ ನಾನು ಗೊತ್ತಿಲ್ಲದೆ ಬರೆದೆ. ನೀನು ಗೊತ್ತಿದ್ದೂ ಕೂತಿದ್ದೆ. ನಲವತ್ತು ನಿಮಿಷ! ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯನಿಗೆ ಹತ್ತು ಸಲ ಬುದ್ಧಿ ಬರಬಹುದು. ಒಂದು ಮಾತು ಕೇಳಿದ್ದರೆ ಸೀಟು ಬಿಟ್ಟುಕೊಡುತ್ತಿದ್ದೆನೋ ಏನೋ. ಕೊಡುತ್ತಿರಲಿಲ್ಲವೇನೋ. ನನಗೇ ಗೊತ್ತಿಲ್ಲ, ಈಗ ಗೊತ್ತಾಗುವ ದಾರಿಯೂ ಇಲ್ಲ. ನೀನು ಅದನ್ನೂ ಕಿತ್ತುಕೊಂಡೆ.

ಕಳ್ಳಿ ಅಂದೆ, ಅಲ್ಲ ಅಂದೆ. ಈಗ ಮತ್ತೆ ಹದಿನಾಲ್ಕು ಮೇಜಿಗೆ ಹೋಗಿ ಏನು ಹೇಳಲಿ?

ನಿನ್ನೆ ಹೊಸ ಪಾಸ್‌ಪೋರ್ಟು ಬಂತು. ನಿನ್ನ ಫೋನಿಗೆ ಅದರ ಫೋಟೋ, ಹೊಸ ಭಾಷಾಂತರದ ಫೋಟೋ ಬರುತ್ತವೆ. ಅಚ್ಚು ಹಾಕಿಸಿ ಹಳೆಯದರ ಜಾಗಕ್ಕೆ ಸೇರಿಸು. ಇವತ್ತು ಪಿಯಾಸಾದ ಅದೇ ಅಂಗಡಿಗೆ ಹೋದೆ, ಅರ್ಜಿ ಪೂರ್ತಿ ತುಂಬಿದೆ. ಗುಂಡಿಯ ಮೇಲೆ ಕೈ ಇಟ್ಟೆ, ಒತ್ತಲಾಗಲಿಲ್ಲ. ಹೆದರಿಕೆಯಲ್ಲ. ನಾನೇ ಒತ್ತಿದರೆ ನೀನು ಆ ಗುಂಡಿಯಿಂದ ತಪ್ಪಿಸಿಕೊಂಡ ಹಾಗೆ ಎಂದು ಅನ್ನಿಸಿತು. ಕೆಳಗೆ ಗುಪ್ತಪದವಿದೆ. ತೆರೆ. ನಾನು ಹುಟ್ಟಿದ ತಾರೀಕನ್ನು ಬಾಯಿಬಿಟ್ಟು ಓದು. ಆಮೇಲೆ ನೀನೇ ಒತ್ತು.

ಇದನ್ನು ಕ್ಷಮೆ ಅಂದುಕೊಂಡರೆ ನಿನ್ನಷ್ಟು ದಡ್ಡಿ ಇಲ್ಲ.

ಕಸ್ಸಾಹುನ್


ನಾನ್‌ಜಿಂಗ್
ಮೆಗಾಬಿತ್ 19, 2010
ಮಾರ್ಚ್ 28, 2018

ಅಣ್ಣಾ,

ಕಾಗದಪತ್ರ ಬದಲಿಸಿದೆ. ಎರಡು ಪ್ರತಿಯನ್ನೂ ಕಚೇರಿಗೆ ಕೊಟ್ಟೆ, ಪಡೆದುಕೊಂಡವರು ಮೊಹರು ಹಾಕಿದರು.

ಆಮೇಲೆ ಪ್ರಯೋಗಾಲಯದಲ್ಲಿ ಕೂತು ಓದಿದೆ. ಜುಲೈ 12, 1983. ಪಕ್ಕದಲ್ಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ನಮ್ಮ ಭಾಷೆಯಲ್ಲೂ ಓದಿದೆ.

ಒತ್ತಿದೆ. ರಸೀದಿ ಜೊತೆಗಿದೆ. ಕತ್ತರಿಸಿಲ್ಲ.

ಐನಾಲೆಂ


ದೆಸ್ಸೀ
ಹಮ್ಲೆ 5, 2010
ಜುಲೈ 12, 2018

ಐನಾಲೆಂಗೆ,

ನನಗೆ ಇಂದು ಮೂವತ್ತೈದು. ನಿನ್ನೆ ಉತ್ತರ ಬಂತು. ಸೀಟು ಸಿಕ್ಕಿದೆ. ಉಪ್ಪು ನೀರಿನ ಹನ್ನೊಂದು ಪುಟವನ್ನು ಎರಡು ಸಲ ಓದಿದೆ ಎಂದು ಪ್ರೊಫೆಸರ್ ಶೆನ್ ಬರೆದಿದ್ದಾರೆ. ಆರು ವರ್ಷದ ಹಿಂದೆಯೂ ಆ ಬಾವಿಗಳ ನೀರು ಉಪ್ಪೇ ಇತ್ತು. ಅಂದು ನನ್ನ ಅರ್ಜಿಯನ್ನು ಯಾರಾದರೂ ಓದಿದ್ದರೆ ಈ ಹೊತ್ತಿಗೆ ಹಾಯ್ಕ್‌ನ ಹೆಂಗಸರು ಕೊಡ ಹೊತ್ತು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ನೀನು ನುಂಗಿದ್ದು ನನ್ನ ಆರು ವರ್ಷ ಒಂದನ್ನೇ ಅಲ್ಲ.

ತಾರೀಕು ಯಾಕೆ ಬದಲಾಯಿತೆಂದು ಅಮ್ಮ ಕೇಳಿದರು. ಭಾಷಾಂತರದವನ ತಪ್ಪು ಎಂದೆ. ಕಚೇರಿಯಲ್ಲೂ ಅಷ್ಟೇ ಹೇಳಿದೆ. ಇನ್ನು ಮುಂದೆಯೂ ಅಷ್ಟೇ. ದೆಸ್ಸೀಯಲ್ಲಿ ನೀನೀಗ ಒಳ್ಳೆಯವಳು, ಗೋಡೆಯ ಮೇಲೆ ಫೋಟೋ ಇದೆ, ಹದಿನಾಲ್ಕು ಜನ ನಿನ್ನ ಹೆಸರಿನಲ್ಲಿ ಕಾಫಿ ಕುಡಿದಿದ್ದಾರೆ. ಯಾರೂ ನಿನ್ನನ್ನು ಬೈಯುವುದಿಲ್ಲ. ಬೈಸಿಕೊಂಡರೆ ನಿನಗೆ ಹಗುರವಾಗುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಹೇಳುವುದಿಲ್ಲ.

ನೆಹಾಸೆ 27ಕ್ಕೆ, ಅವರ ಸೆಪ್ಟೆಂಬರ್ 2ಕ್ಕೆ, ಹೊರಡುತ್ತೇನೆ. ಅಲ್ಲಿಯ ವಿಮಾನ ನಿಲ್ದಾಣಕ್ಕೆ ಬರಬೇಡ. ಅಂದು ನಾನು ಬಂದಿರಲಿಲ್ಲ, ಅದಕ್ಕೆ ಇದು ಎಂದಲ್ಲ. ನಿನ್ನ ಮುಖ ನೋಡಿದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಅಮ್ಮ ಎರಡು ಕಿಲೋ ಬೆರ್ಬೆರೆ ಕುಟ್ಟುತ್ತಿದ್ದಾರೆ, ಮನೆಯೆಲ್ಲ ಸೀನು. ನಿನ್ನ ಕೋಣೆಯ ನಂಬರ್ ಬರೆದು ಕಳಿಸು. ಬಾಗಿಲ ಹೊರಗೆ ಇಟ್ಟು ಹೋಗುತ್ತೇನೆ.

ಬರೆಯುವಾಗ ಹೋದ ಸಲದ ಹಾಗೆ ಎರಡು ತಾರೀಕನ್ನೂ ಹಾಕು, ನಮ್ಮದೂ ಅವರದೂ. ಒಂದೇ ತಾರೀಕಿನ ಕಾಗದವನ್ನು ನಿನ್ನ ಕೈಯಿಂದ ನಾನಿನ್ನು ತೆಗೆದುಕೊಳ್ಳುವುದಿಲ್ಲ.

ಕಸ್ಸಾಹುನ್